ಒತ್ತಡದ ವಿರುದ್ಧ ಒಳಮುಖವಾಗಿ: ಬ್ಯಾಕ್ಟೀರಿಯಾ ಎರಡಾಗುವುದರ ಹಿಂದಿನ ಭೌತಬಲಗಳು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಶೆಡ್ಡುಗಳಲ್ಲಿ ಒಣಗಿಸಿದ ಮಣೂಕ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದೇ ದ್ರಾಕ್ಷಿಯನ್ನು ಕೊಯ್ದು ಬುಟ್ಟಿಯಲ್ಲಿ ಹಾಗೆಯೇ ಬಿಟ್ಟರೆ ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಹುಳಿತುಹೋಗುತ್ತದೆ. ಈ ವ್ಯತ್ಯಾಸದ ಮುಖ್ಯ ಕಾರಣ ನೀರು. ಒಣದ್ರಾಕ್ಷಿಯಲ್ಲಿ ಸಕ್ಕರೆಯ ಸಾಂದ್ರತೆ ಎಷ್ಟು ಹೆಚ್ಚಾಗಿರುತ್ತದೆಂದರೆ, ಅದರ ಮೇಲೆ ಬಂದು ಕುಳಿತ ಬ್ಯಾಕ್ಟೀರಿಯಾದ ಒಳಗಿನ ನೀರು ಹೊರಗೆ ಸೆಳೆಯಲ್ಪಡುತ್ತದೆ. ಶಾಲೆಯ ಪಠ್ಯದಲ್ಲಿ ನಾವು ಅಭಿಸರಣೆ ಎಂದು ಓದಿದ ಕ್ರಿಯೆ ಇದೇ. ನೀರು ಹೋದ ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಗಳು ಕುಂಠಿತವಾಗುವುದರ ಜೊತೆಗೆ, ಅದನ್ನು ಒಳಗಿನಿಂದ ಬಿಗಿಯಾಗಿ ಹಿಡಿದಿದ್ದ ಒತ್ತಡವೂ ಇಲ್ಲವಾಗುತ್ತದೆ. ಆ ಒತ್ತಡವಿಲ್ಲದೆ ಸಾಮಾನ್ಯ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯಲಾರದು, ಬೆಳೆಯದೆ ಎರಡಾಗಲಾರದು.

ವಿಜಯಪುರ, ಬಾಗಲಕೋಟೆಗಳ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವವರು ದ್ವಿವಿದಳನದ ಚಿತ್ರವನ್ನು ಪರೀಕ್ಷೆಗಾಗಿ ಹಲವು ಬಾರಿ ಬರೆದಿರುತ್ತಾರೆ: ಒಂದು ಉದ್ದನೆಯ ಕೋಶ, ನಡುವೆ ಸಣ್ಣ ತಗ್ಗು, ಆಮೇಲೆ ಎರಡು ಕೋಶಗಳು. ಚಿತ್ರ ತಪ್ಪಲ್ಲ. ಆದರೆ ಆ ತಗ್ಗನ್ನು ಮೂಡಿಸುವ ಬಲ ಯಾವುದು, ಅದು ಎಲ್ಲಿಂದ ಬರುತ್ತದೆ, ಯಾವುದರ ವಿರುದ್ಧ ಕೆಲಸ ಮಾಡುತ್ತದೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಈ ಪ್ರಶ್ನೆಗೆ ಬಹುಕಾಲ ಒಪ್ಪಿತವಾಗಿದ್ದ ಉತ್ತರವೊಂದು ಕಳೆದ ಎರಡು ದಶಕಗಳಲ್ಲಿ ಗಣನೀಯವಾಗಿ ಬದಲಾಗಿರುವುದರಿಂದ, ಅದನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವ ಇ. ಕೊಲೈ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳೋಣ. ಅದು ಸುಮಾರು 2 ಮೈಕ್ರೋಮೀಟರ್ ಉದ್ದ, 1 ಮೈಕ್ರೋಮೀಟರ್ ಅಗಲದ ದಂಡಾಕಾರದ ಜೀವಿ. ಸಮೃದ್ಧ ಆಹಾರ ಮತ್ತು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಅದು ಎರಡಾಗುತ್ತದೆ. ಅದರ ಕೋಶರಸದಲ್ಲಿ ಪ್ರೋಟೀನು, ಲವಣ, ಸಣ್ಣ ಅಣುಗಳೆಲ್ಲ ಒತ್ತೊತ್ತಾಗಿ ತುಂಬಿರುವುದರಿಂದ ಹೊರಗಿನ ನೀರು ಒಳನುಗ್ಗಲು ಸದಾ ಯತ್ನಿಸುತ್ತಿರುತ್ತದೆ. ಹೀಗೆ ಹುಟ್ಟುವ ಒಳಒತ್ತಡಕ್ಕೆ ಟರ್ಗರ್ ಒತ್ತಡ ಎಂದು ಹೆಸರು. ಇ. ಕೊಲೈಯಲ್ಲಿ ಅದರ ಪ್ರಮಾಣ ಅಳತೆಯ ವಿಧಾನಕ್ಕೆ ತಕ್ಕಂತೆ ವಾತಾವರಣದ ಒತ್ತಡದ ಮೂರನೇ ಒಂದು ಭಾಗದಿಂದ ಮೂರು ಪಟ್ಟಿನವರೆಗೆ ಕಂಡುಬಂದಿದೆ. ದಪ್ಪ ಭಿತ್ತಿಯ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಅದು ಹತ್ತು ಪಟ್ಟನ್ನೂ ಮೀರಬಹುದು. ಲೆಕ್ಕದ ಅನುಕೂಲಕ್ಕಾಗಿ ಇಲ್ಲಿ ಇ. ಕೊಲೈಗೆ ಒಂದು ವಾತಾವರಣದಷ್ಟು ಒತ್ತಡವಿದೆ ಎಂದು ಹಿಡಿಯುತ್ತೇನೆ.

ಈ ಒತ್ತಡವನ್ನು ತಡೆದುಕೊಳ್ಳುವುದು ಕೋಶಪೊರೆಯಲ್ಲ. ಪೊರೆ ಎಂದರೆ ಕೊಬ್ಬಿನ ಅಣುಗಳ ಎರಡು ಪದರ. ಅದು ದ್ರವದಂತೆ ಹರಿಯುತ್ತದೆ, ಸ್ವಲ್ಪ ಹಿಗ್ಗಿಸಿದರೆ ಕಿತ್ತುಹೋಗುತ್ತದೆ. ಒತ್ತಡದ ಭಾರವನ್ನು ಹೊರುವುದು ಪೊರೆಯ ಹೊರಗಿರುವ ಪೆಪ್ಟಿಡೋಗ್ಲೈಕಾನ್ ಭಿತ್ತಿ. ಸಕ್ಕರೆಯ ಸರಪಳಿಗಳನ್ನು ಸಣ್ಣ ಪೆಪ್ಟೈಡ್ ಕೊಂಡಿಗಳು ಅಡ್ಡಡ್ಡಲಾಗಿ ಬೆಸೆದಿರುವ ಈ ಜಾಲ ಇಡೀ ಕೋಶವನ್ನು ಒಂದೇ ಚೀಲದಂತೆ ಸುತ್ತುವರಿದಿದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಆ ಇಡೀ ಚೀಲವೇ ಒಂದು ಬೃಹತ್ ಅಣು. ಇ. ಕೊಲೈಯಲ್ಲಿ ಇದರ ದಪ್ಪ ಕೆಲವೇ ನ್ಯಾನೊಮೀಟರ್. ಒಂದು ವಾತಾವರಣದ ಒತ್ತಡ, ಅರ್ಧ ಮೈಕ್ರೋಮೀಟರ್ ತ್ರಿಜ್ಯ, 4 ನ್ಯಾನೊಮೀಟರ್ ದಪ್ಪ ಎಂದು ಲೆಕ್ಕ ಹಾಕಿದರೆ, ಭಿತ್ತಿಯ ಸುತ್ತಳತೆಯ ಗುಂಟ ಹುಟ್ಟುವ ಎಳೆತ ಒಳಒತ್ತಡದ ಸುಮಾರು 125 ಪಟ್ಟಾಗುತ್ತದೆ. ಒತ್ತಡ ಸಾಧಾರಣವೆನಿಸಿದರೂ ಭಿತ್ತಿ ತೀರಾ ತೆಳುವಾಗಿರುವುದರಿಂದ ಅದರ ಮೇಲಿನ ಹೊರೆ ಇಷ್ಟು ದೊಡ್ಡದಾಗಿದೆ.

ದಂಡಾಕಾರದ ಪಾತ್ರೆಯಲ್ಲಿ ಎಳೆತ ಎಲ್ಲ ದಿಕ್ಕಿಗೂ ಒಂದೇ ಆಗಿರುವುದಿಲ್ಲ. ಸುತ್ತಳತೆಯ ಗುಂಟ ಇರುವ ಎಳೆತ ಉದ್ದದ ಗುಂಟ ಇರುವುದರ ಎರಡು ಪಟ್ಟು. ದ್ರಾಕ್ಷಿ ತೋಟಕ್ಕೆ ನೀರು ಹಾಯಿಸುವ ಪೈಪು ಒತ್ತಡ ತಾಳದೆ ಒಡೆದಾಗ ಅಡ್ಡಕ್ಕೆ ತುಂಡಾಗದೆ ಉದ್ದಕ್ಕೆ ಸೀಳುವುದು ಈ ಕಾರಣದಿಂದಲೇ. ಇ. ಕೊಲೈಯ ಭಿತ್ತಿಯಲ್ಲಿ ಸಕ್ಕರೆಯ ಸರಪಳಿಗಳು ಹೆಚ್ಚಾಗಿ ಸುತ್ತಳತೆಯ ದಿಕ್ಕಿಗೇ ಹರಡಿಕೊಂಡಿರುವುದನ್ನು ನೋಡಿದರೆ, ಎಲ್ಲಿ ಹೊರೆ ಹೆಚ್ಚೋ ಅಲ್ಲಿ ಗಟ್ಟಿ ಎಳೆಗಳಿವೆ ಎಂಬುದು ಸ್ಪಷ್ಟ. ಕೋಶ ಅಡ್ಡಕ್ಕೆ ಇಬ್ಭಾಗವಾಗಬೇಕಾದರೆ ಒತ್ತಡವೊಂದನ್ನೇ ನಂಬಿ ಕೂರುವಂತಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಒತ್ತಡಕ್ಕೆ ಬಿಟ್ಟರೆ ಅದು ಕೋಶವನ್ನು ಉಬ್ಬಿಸುತ್ತದೆ ಅಥವಾ ಉದ್ದಕ್ಕೆ ಸೀಳುತ್ತದೆ. ನಡುವನ್ನು ಒಳಕ್ಕೆ ತಗ್ಗಿಸುವ ಕೆಲಸ ಒತ್ತಡದ ಸ್ವಭಾವಕ್ಕೆ ನೇರ ವಿರುದ್ಧವಾದುದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಇಷ್ಟು ಚಿಕ್ಕ ಪ್ರಪಂಚದಲ್ಲಿ ತೂಕಕ್ಕೂ ಜಡತ್ವಕ್ಕೂ ಬಹುಮಟ್ಟಿಗೆ ಬೆಲೆಯಿಲ್ಲ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ವಿವರಿಸಿದಂತೆ, ಈಜುತ್ತಿರುವ ಬ್ಯಾಕ್ಟೀರಿಯಾ ತನ್ನ ಬಾಲ ತಿರುಗಿಸುವುದನ್ನು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟು ದೂರವನ್ನೂ ಕ್ರಮಿಸದೆ ನಿಂತುಬಿಡುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಒತ್ತಡ, ಸ್ನಿಗ್ಧತೆ, ಪೊರೆಯ ಬಾಗುವಿಕೆ, ಮತ್ತು ಉಷ್ಣತೆಯಿಂದಾಗಿ ಅಣುಗಳು ಎಡೆಬಿಡದೆ ನಡೆಸುವ ಅಡ್ಡಾದಿಡ್ಡಿ ಚಲನೆ. ಈ ಕೊನೆಯದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಲದ ಪ್ರಶ್ನೆಗಿಂತ ಮೊದಲು ಸ್ಥಳದ ಪ್ರಶ್ನೆ ಬರುತ್ತದೆ. ಕಣ್ಣಿಲ್ಲದ, ಅಳತೆಪಟ್ಟಿಯಿಲ್ಲದ ಕೋಶ ತನ್ನ ನಟ್ಟನಡುವನ್ನು ಹೇಗೆ ಗುರುತಿಸುತ್ತದೆ? 1967ರಲ್ಲಿ ಆಡ್ಲರ್ ಮತ್ತು ಸಂಗಡಿಗರು ಇ. ಕೊಲೈಯ ವಿಚಿತ್ರ ತಳಿಯೊಂದನ್ನು ವರ್ಣಿಸಿದರು. ಅದು ನಡುವಿನ ಬದಲು ತುದಿಯ ಬಳಿ ವಿಭಜನೆಗೊಂಡು ಡಿಎನ್ಎ ಇಲ್ಲದ ಪುಟ್ಟ ಕೋಶಗಳನ್ನು ಉದುರಿಸುತ್ತಿತ್ತು. ಆ ತಳಿಯಲ್ಲಿ ಕೆಟ್ಟಿದ್ದ ವ್ಯವಸ್ಥೆಯೇ ಇಂದು ಮಿನ್ ಎಂದು ಹೆಸರಾಗಿರುವ ಮೂರು ಪ್ರೋಟೀನುಗಳ ಗುಂಪು. ಮಿನ್-ಡಿ ಎಂಬುದು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಹಿಡಿದುಕೊಂಡು ಪೊರೆಗೆ ಅಂಟುತ್ತದೆ; ಮಿನ್-ಇ ಅದನ್ನು ಬೆನ್ನಟ್ಟಿ ಬಿಡಿಸುತ್ತದೆ; ಬಿಡಿಸಿಕೊಂಡ ಮಿನ್-ಡಿ ಕೋಶರಸದಲ್ಲಿ ತೇಲುತ್ತ ಹೋಗಿ ಎದುರು ತುದಿಯಲ್ಲಿ ಮತ್ತೆ ಅಂಟುತ್ತದೆ. ಹೀಗೆ ಇಡೀ ಗುಂಪು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಒಂದು ನಿಮಿಷದ ಆವರ್ತದಲ್ಲಿ ಹೋಗಿಬರುತ್ತಿರುವುದನ್ನು 1999ರಲ್ಲಿ ರಸ್ಕಿನ್ ಮತ್ತು ಡಿ ಬೋರ್ ಹೊಳೆಯುವ ಪ್ರೋಟೀನಿನ ನೆರವಿನಿಂದ ತೋರಿಸಿದರು. ಮಿನ್-ಡಿಯ ಜೊತೆಗೇ ಸಾಗುವ ಮಿನ್-ಸಿ, ಕೋಶ ತುಂಡಾಗುವ ಜಾಗದಲ್ಲಿ ಪ್ರೋಟೀನಿನಿಂದಾಗುವ ವಿಭಜನೆಯ ಉಂಗುರ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಕಾಲದ ಸರಾಸರಿಯಲ್ಲಿ ಈ ತಡೆ ತುದಿಗಳಲ್ಲಿ ಹೆಚ್ಚು, ನಡುವೆ ಅತಿ ಕಡಿಮೆ. ಆದ್ದರಿಂದ ಉಂಗುರಕ್ಕೆ ಉಳಿಯುವ ಜಾಗ ನಡುವೇ.

ರಾಸಾಯನಿಕ ಕ್ರಿಯೆ ಮತ್ತು ವಿಸರಣೆ ಎರಡೂ ಕೂಡಿದರೆ ಏಕರೂಪದ ದ್ರಾವಣದಲ್ಲಿಯೂ ವಿನ್ಯಾಸ ತಾನಾಗಿ ಮೂಡಬಲ್ಲದು ಎಂದು ಅಲನ್ ಟ್ಯೂರಿಂಗ್ 1952ರಲ್ಲಿಯೇ ಗಣಿತದ ಮೂಲಕ ತೋರಿಸಿದ್ದರು. ಮಿನ್ ವ್ಯವಸ್ಥೆ ಆ ವಿಚಾರದ ಅತ್ಯಂತ ಚೊಕ್ಕ ಜೀವಂತ ಉದಾಹರಣೆಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. 2008ರಲ್ಲಿ ಪೆಟ್ರಾ ಶ್ವಿಲ್ಲೆ ಅವರ ತಂಡ, ಜೀವಕೋಶವೇ ಇಲ್ಲದ ಸಮತಟ್ಟಾದ ಪೊರೆಯ ಮೇಲೆ ಶುದ್ಧೀಕರಿಸಿದ ಮಿನ್-ಡಿ, ಮಿನ್-ಇ ಮತ್ತು ಎಟಿಪಿಯನ್ನಷ್ಟೇ ಹಾಕಿ ಅಲೆಗಳು ಏಳುವುದನ್ನು ಕಣ್ಣಾರೆ ತೋರಿಸಿತು. ಡಿಎನ್ಎ ಇರುವ ಕಡೆ ಉಂಗುರ ಕಟ್ಟದಂತೆ ನೋಡಿಕೊಳ್ಳುವ ಬೇರೆ ಪ್ರೋಟೀನುಗಳೂ ಇವೆ. ಸುಮಾರು 1.6 ಮಿಲಿಮೀಟರ್ ಉದ್ದದ ಡಿಎನ್ಎ 2 ಮೈಕ್ರೋಮೀಟರಿನ ಕೋಶದಲ್ಲಿ ಮಡಚಿ ಕುಳಿತಿರುವುದರಿಂದ, ಎಚ್ಚರವಿಲ್ಲದೆ ಗೋಡೆ ಎದ್ದರೆ ಅದು ತುಂಡಾಗುವುದು ಖಚಿತ.

ಇನ್ನು ಉಂಗುರದ ವಿಷಯ. 1960ರ ದಶಕದ ಕೊನೆಯಲ್ಲಿ ಪ್ಯಾರಿಸಿನಲ್ಲಿ ಹಿರೋಟಾ, ರೈಟರ್ ಮತ್ತು ಜಾಕೋಬ್, ಉಷ್ಣತೆ ಏರಿಸಿದಾಗ ಬೆಳೆಯುತ್ತಲೇ ಹೋಗಿ ವಿಭಜನೆಯಾಗದೆ ದಾರದಂತೆ ಉದ್ದವಾಗುವ ಇ. ಕೊಲೈ ತಳಿಗಳನ್ನು ಬೇರ್ಪಡಿಸಿದರು. ಈ ಬಗೆಯ ತಳಿಗಳ ಅಧ್ಯಯನದಿಂದ ಹೊರಬಂದ ಜೀನುಗಳಲ್ಲಿ ಮುಖ್ಯವಾದುದು ಎಫ್‌ಟಿಎಸ್‌ಝಡ್. ಅದರ ಪ್ರೋಟೀನು ಕೋಶದ ನಡುವೆ ಉಂಗುರವಾಗಿ ಕೂಡುತ್ತದೆ ಎಂಬುದನ್ನು ಬೀ ಮತ್ತು ಲುಟ್ಕೆನ್‌ಹೌಸ್ 1991ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದರು. ನಮ್ಮ ಜೀವಕೋಶಗಳ ಸೂಕ್ಷ್ಮನಾಳಗಳನ್ನು ಕಟ್ಟುವ ಟ್ಯುಬುಲಿನ್ ಪ್ರೋಟೀನಿಗೂ ಇದಕ್ಕೂ ರಚನೆಯಲ್ಲಿ ಬಂಧುತ್ವವಿದೆ ಎಂಬುದು 1998ರಲ್ಲಿ ಲೋವೆ ಮತ್ತು ಆಮೋಸ್ ಅವರಿಂದ ಖಚಿತವಾಯಿತು. ಈ ಸಂಗತಿಗಳೆಲ್ಲ ಸೇರಿ ಒಂದು ಸುಲಭವಾದ ಚಿತ್ರಣವನ್ನು ಕಟ್ಟಿಕೊಟ್ಟವು: ಉಂಗುರ ಬಿಗಿಯುತ್ತದೆ, ಕೋಶದ ನಡು ಕಿರಿದಾಗುತ್ತದೆ, ಕೊನೆಗೆ ಕೋಶ ತುಂಡಾಗುತ್ತದೆ.

ಈ ಚಿತ್ರಣಕ್ಕೆ ಬಲವಾದ ಸಾಕ್ಷಿಯೂ ಸಿಕ್ಕಿತು. 2008ರಲ್ಲಿ ಒಸಾವಾ, ಆಂಡರ್ಸನ್ ಮತ್ತು ಎರಿಕ್ಸನ್, ಪೊರೆಗೆ ತಾನೇ ಅಂಟಿಕೊಳ್ಳುವಂತೆ ಮಾರ್ಪಡಿಸಿದ ಎಫ್‌ಟಿಎಸ್‌ಝಡ್ ಅನ್ನು ಕೊಳವೆಯಾಕಾರದ ಕೃತಕ ಪೊರೆಚೀಲಗಳೊಳಗೆ ಸೇರಿಸಿದರು. ಬೇರಾವ ಪ್ರೋಟೀನೂ ಇಲ್ಲದೆ ಅಲ್ಲಿ ಉಂಗುರಗಳು ಮೂಡಿದವು, ಉಂಗುರವಿದ್ದಲ್ಲಿ ಪೊರೆ ತಗ್ಗಾಯಿತು. ಮರುವರ್ಷ ಅವರೇ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯಕರವಾದುದು. ಪೊರೆಗೆ ಅಂಟುವ ತುಣುಕನ್ನು ಪ್ರೋಟೀನಿನ ಒಂದು ತುದಿಯಿಂದ ತೆಗೆದು ವಿರುದ್ಧ ತುದಿಗೆ ಜೋಡಿಸಿದಾಗ, ಪೊರೆ ಒಳಕ್ಕೆ ತಗ್ಗುವ ಬದಲು ಹೊರಕ್ಕೆ ಉಬ್ಬಿತು. ಅಂದರೆ ಬಲ ಬರುತ್ತಿರುವುದು ಎಫ್‌ಟಿಎಸ್‌ಝಡ್ ಎಳೆಗಳು ಒಂದು ನಿರ್ದಿಷ್ಟ ದಿಕ್ಕಿಗೆ ಬಾಗುವುದರಿಂದ. ಎಳೆಯ ಯಾವ ಮಗ್ಗುಲು ಪೊರೆಗೆ ಅಂಟಿದೆ ಎಂಬುದರ ಮೇಲೆ ಪೊರೆಯ ಬಾಗು ನಿರ್ಧಾರವಾಗುತ್ತದೆ. ಎಫ್‌ಟಿಎಸ್‌ಝಡ್ ಬಲ ಹುಟ್ಟಿಸಬಲ್ಲದು ಎಂಬುದರಲ್ಲಿ ಇದಾದ ಮೇಲೆ ಸಂಶಯ ಉಳಿಯಲಿಲ್ಲ.

ಉಳಿದದ್ದು ಎಷ್ಟು ಬಲ ಎಂಬ ಪ್ರಶ್ನೆ. ಕೃತಕ ಚೀಲದಲ್ಲಿ ಟರ್ಗರ್ ಒತ್ತಡವೂ ಇಲ್ಲ, ಭಿತ್ತಿಯೂ ಇಲ್ಲ. ನಿಜವಾದ ಇ. ಕೊಲೈಯಲ್ಲಿ ಉಂಗುರದ ಪಟ್ಟಿ ಸುಮಾರು 100 ನ್ಯಾನೊಮೀಟರ್ ಅಗಲ. ಅಷ್ಟು ಅಗಲದ ಪಟ್ಟಿಯನ್ನು ಒಂದು ವಾತಾವರಣದ ಒತ್ತಡದ ವಿರುದ್ಧ ಒಳಕ್ಕೆ ಎಳೆದು ಹಿಡಿಯಬೇಕಾದರೆ, ಒತ್ತಡ, ಅಗಲ, ತ್ರಿಜ್ಯ ಈ ಮೂರನ್ನು ಗುಣಿಸಿದಾಗ ಬರುವಷ್ಟು ಎಳೆತ ಉಂಗುರದಲ್ಲಿರಬೇಕು: ಸುಮಾರು 5000 ಪಿಕೊನ್ಯೂಟನ್ (ಒಂದು ಪಿಕೊನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಭಾಗ). ನಮ್ಮ ಜೀವಕೋಶಗಳಲ್ಲಿ ಸರಕು ಸಾಗಿಸುವ ಕೈನೆಸಿನ್ ಎಂಬ ಪ್ರೋಟೀನು ಒಂದಕ್ಕೆ ಐದಾರು ಪಿಕೊನ್ಯೂಟನ್ ಬಲವಿದೆ ಎಂದರೆ ಈ ಸಂಖ್ಯೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಎಫ್‌ಟಿಎಸ್‌ಝಡ್‌ನದು ಒಂದೇ ಎಳೆಯ ದಪ್ಪದ, ಬಿಡಿಬಿಡಿಯಾದ ಸಣ್ಣ ತಂತುಗಳು. ಅವು ಕೋಶವನ್ನು ಒಂದು ಅಖಂಡ ಹಗ್ಗದಂತೆ ಸುತ್ತುವುದೂ ಇಲ್ಲ. ಇಷ್ಟು ಬಲವನ್ನು ಅವುಗಳಿಂದ ನಿರೀಕ್ಷಿಸುವುದು ಕಷ್ಟ. ಇದಕ್ಕೆ ವ್ಯತಿರಿಕ್ತವಾಗಿ, ಭಿತ್ತಿ ತಾನೇ ಒಳಮುಖವಾಗಿ ಬೆಳೆಯುತ್ತಿದೆ ಎಂದು ಇಟ್ಟುಕೊಂಡು ಲ್ಯಾನ್, ವೋಲ್ಗೆಮತ್ ಮತ್ತು ಸನ್ 2007ರಲ್ಲಿ ಲೆಕ್ಕ ಹಾಕಿದಾಗ, ಆ ಬೆಳವಣಿಗೆಗೆ ದಿಕ್ಕು ತೋರಿಸಲು ಸುಮಾರು 8 ಪಿಕೊನ್ಯೂಟನ್ ಸಾಕೆಂಬ ಉತ್ತರ ಬಂದಿತು. ಐದು ಸಾವಿರಕ್ಕೂ ಎಂಟಕ್ಕೂ ನಡುವಿನ ಈ ಅಂತರದಲ್ಲಿಯೇ ಇಡೀ ವಾದ ಅಡಗಿದೆ.

ಆದ್ದರಿಂದ ಗಮನ ಭಿತ್ತಿ ಕಟ್ಟುವ ಕಿಣ್ವಗಳ ಕಡೆಗೆ ಹೊರಳಿತು. ವಿಭಜನೆಯ ಜಾಗದಲ್ಲಿ ಎಫ್‌ಟಿಎಸ್‌ಡಬ್ಲ್ಯೂ ಸಕ್ಕರೆಯ ಸರಪಳಿಯನ್ನು ಹೆಣೆಯುತ್ತದೆ, ಎಫ್‌ಟಿಎಸ್‌ಐ ಅವುಗಳ ನಡುವೆ ಪೆಪ್ಟೈಡ್ ಕೊಂಡಿ ಹಾಕುತ್ತದೆ. ಔಷಧದಂಗಡಿಗಳಲ್ಲಿ ಸಿಗುವ ಸೆಫಲೆಕ್ಸಿನ್ ಎಂಬ ಪ್ರತಿಜೈವಿಕ ಇ. ಕೊಲೈಯಲ್ಲಿ ಮುಖ್ಯವಾಗಿ ಎಫ್‌ಟಿಎಸ್‌ಐಯನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಕೋಶ ಉದ್ದವಾಗುತ್ತಲೇ ಹೋಗುತ್ತದೆ. ಉಂಗುರ ತನ್ನ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ, ಆದರೆ ಮುಚ್ಚಿಕೊಳ್ಳುವುದಿಲ್ಲ. ಉಂಗುರವೇ ಕತ್ತು ಹಿಸುಕುವಂತಿದ್ದರೆ ಭಿತ್ತಿಯ ಕಿಣ್ವ ನಿಂತಾಕ್ಷಣ ಅದು ಕೈಚೆಲ್ಲಿ ಕೂರಬೇಕಾದ ಕಾರಣವೇನಿತ್ತು? 2016ರಲ್ಲಿ ಕೋಲ್ತಾರ್ಪ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಅಳತೆಗೆ ಒಳಪಡಿಸಿದರು. ಎಫ್‌ಟಿಎಸ್‌ಝಡ್ ಶಕ್ತಿಗಾಗಿ ಜಿಟಿಪಿ ಎಂಬ ಅಣುವನ್ನು ಒಡೆಯುವ ವೇಗವನ್ನು ತಗ್ಗಿಸಿದರೂ ಇ. ಕೊಲೈಯ ನಡು ಕಿರಿದಾಗುವ ವೇಗ ಹೆಚ್ಚೇನೂ ಬದಲಾಗಲಿಲ್ಲ. ಭಿತ್ತಿ ಕಟ್ಟುವ ಕಿಣ್ವವನ್ನು ನಿಧಾನಗೊಳಿಸಿದಾಗ ಮಾತ್ರ ಅದು ನಿಧಾನವಾಯಿತು.

ಹಾಗಾದರೆ ಎಫ್‌ಟಿಎಸ್‌ಝಡ್ ಮಾಡುವುದೇನು? 2017ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಇದಕ್ಕೆ ಉತ್ತರ ಕೊಟ್ಟವು. ಈ ತಂತುಗಳು ಒಂದು ತುದಿಯಲ್ಲಿ ಅಣುಗಳನ್ನು ಸೇರಿಸಿಕೊಳ್ಳುತ್ತ, ಇನ್ನೊಂದು ತುದಿಯಲ್ಲಿ ಕಳಚುತ್ತ ಕೋಶದ ಸುತ್ತಳತೆಯ ಗುಂಟ ಸಾಗುತ್ತವೆ. ತಂತುವಿನ ಒಳಗಿನ ಯಾವ ಅಣುವೂ ಕದಲದಿದ್ದರೂ ತಂತು ಸೆಕೆಂಡಿಗೆ ಸುಮಾರು 30 ನ್ಯಾನೊಮೀಟರ್ ವೇಗದಲ್ಲಿ ಮುಂದೆ ಹೋದಂತಾಗುತ್ತದೆ. ಇದನ್ನು ಟ್ರೆಡ್‌ಮಿಲ್ಲಿಂಗ್ ಎನ್ನುತ್ತಾರೆ. ಅದರ ಬೆನ್ನು ಹತ್ತಿ ಭಿತ್ತಿಯ ಕಿಣ್ವಗಳೂ ಸುತ್ತುತ್ತವೆ, ಆದ್ದರಿಂದ ಹೊಸ ಭಿತ್ತಿ ಒಂದೇ ಕಡೆ ಗುಡ್ಡೆ ಬೀಳದೆ ಸುತ್ತಲೂ ಸಮವಾಗಿ ಹರಡುತ್ತದೆ. ಬ್ಯಾಸಿಲಸ್‌ನಲ್ಲಿ ಈ ಸುತ್ತಾಟದ ವೇಗಕ್ಕೆ ತಕ್ಕಂತೆ ಭಿತ್ತಿ ಕಟ್ಟುವ ವೇಗವೂ ಏರಿಳಿಯುತ್ತದೆ, ಇ. ಕೊಲೈಯಲ್ಲಿ ಭಿತ್ತಿಯ ವೇಗ ಅದನ್ನು ಅವಲಂಬಿಸಿಲ್ಲ. ಒಂದು ಜೀವಿಯಲ್ಲಿ ನಿಜವಾದುದು ಇನ್ನೊಂದರಲ್ಲಿ ನಿಜವಾಗಬೇಕಿಲ್ಲ ಎಂಬ ಕಾರಣಕ್ಕೆ, ಬ್ಯಾಕ್ಟೀರಿಯಾ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಸೇರಿಸಿ ಬರೆಯುವ ಪಠ್ಯಗಳನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕಾಗುತ್ತದೆ.

ಭಿತ್ತಿಯೇ ಬೆಳೆದು ಒಳಬರುತ್ತದೆ ಎಂದು ಒಪ್ಪಿದರೂ ಒಂದು ತೊಡಕು ಉಳಿಯುತ್ತದೆ. ಭಿತ್ತಿ ಕಟ್ಟಲು ಜಾಗ ಬೇಕು, ಜಾಗ ಬೇಕಾದರೆ ಪೊರೆ ಮೊದಲು ಒಳಸರಿಯಬೇಕು, ಪೊರೆಯನ್ನೋ ಒತ್ತಡ ಹೊರಕ್ಕೆ ತಳ್ಳುತ್ತಿದೆ. ಹೆರಾಲ್ಡ್ ಎರಿಕ್ಸನ್ 2017ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು. ಇ. ಕೊಲೈಯ ಭಿತ್ತಿಯ ಹೊರಗೆ ಇನ್ನೊಂದು ಪೊರೆಯೂ ಇದೆ. ಈ ಹೊರಪೊರೆಗೂ ಇದುವರೆಗೆ ಹೇಳಿದ ಒಳಪೊರೆಗೂ ನಡುವೆ ಪೆರಿಪ್ಲಾಸಂ ಎಂಬ ತೆಳುವಾದ ಅವಕಾಶವಿದೆ. ಅಲ್ಲಿನ ದ್ರಾವಣದ ಸಾಂದ್ರತೆ ಕೋಶರಸದ್ದಕ್ಕೆ ಸಮನಾಗಿದ್ದರೆ, ಒಳಪೊರೆಯ ಎರಡೂ ಬದಿಗೆ ಒತ್ತಡ ಒಂದೇ ಆಗಿರುತ್ತದೆ. ಟರ್ಗರ್‌ನ ಹೊರೆಯೆಲ್ಲ ಹೊರಗಿನ ಭಿತ್ತಿ ಮತ್ತು ಹೊರಪೊರೆಗೆ ವರ್ಗಾವಣೆಯಾಗುತ್ತದೆ. ಆಗ ಒಳಪೊರೆಯನ್ನು ಒಳಕ್ಕೆ ಸರಿಸಲು ಪೊರೆಯನ್ನು ಬಾಗಿಸುವಷ್ಟು ಅಲ್ಪ ಬಲವೇ ಸಾಕು. ಉಷ್ಣತೆಯ ಅಡ್ಡಾದಿಡ್ಡಿ ಚಲನೆಯಿಂದ ಪೊರೆ ಕ್ಷಣಕ್ಷಣವೂ ಒಳಗೆ ಹೊರಗೆ ತುಯ್ಯುತ್ತಿರುವಾಗ, ಅದು ಒಳಕ್ಕೆ ಸರಿದ ಗಳಿಗೆಯಲ್ಲಿ ಅದರ ಹಿಂದೆ ಹೊಸ ಭಿತ್ತಿಯ ಒಂದು ಎಳೆ ಬಂದು ಕೂತರೆ ಮತ್ತೆ ಹಿಂದಕ್ಕೆ ಬರಲು ದಾರಿಯಿರುವುದಿಲ್ಲ. ಯಾರೂ ಜೋರಾಗಿ ಎಳೆಯದೆ, ಹಿಂದಿರುಗುವ ದಾರಿಯನ್ನು ಮಾತ್ರ ಮುಚ್ಚುತ್ತ, ಕೆಲಸ ಮುಂದೆ ಸಾಗುತ್ತದೆ. ಸೂಕ್ಷ್ಮಪ್ರಪಂಚದಲ್ಲಿ ಶಕ್ತಿಯ ಖರ್ಚು ಹೀಗೆ ಬಲಪ್ರಯೋಗಕ್ಕಿಂತ ಹೆಚ್ಚಾಗಿ ಏಕಮುಖತೆಯನ್ನು ಕಾಯ್ದುಕೊಳ್ಳುವುದಕ್ಕೆ ಆಗುತ್ತದೆ. ಈ ವಿವರಣೆಯ ಎಲ್ಲ ಕೊಂಡಿಗಳೂ ಇನ್ನೂ ಸಾಬೀತಾಗಿಲ್ಲವಾದರೂ, ಎಂಟು ಪಿಕೊನ್ಯೂಟನ್ನಿನ ಲೆಕ್ಕದೊಂದಿಗೆ ಅದು ಚೆನ್ನಾಗಿ ಹೊಂದುತ್ತದೆ.

ಉಂಗುರವೂ ಇಲ್ಲದೆ, ಭಿತ್ತಿಯೂ ಇಲ್ಲದೆ ವಿಭಜನೆ ಸಾಧ್ಯವೇ ಎಂಬುದಕ್ಕೂ ಉತ್ತರವಿದೆ. ಎಲ್-ರೂಪ ಎಂದು ಕರೆಯುವ ಭಿತ್ತಿಹೀನ ಬ್ಯಾಸಿಲಸ್ ಕೋಶಗಳು ಎಫ್‌ಟಿಎಸ್‌ಝಡ್ ಇಲ್ಲದೆಯೂ ವೃದ್ಧಿಯಾಗುತ್ತವೆ ಎಂದು ಜೆಫ್ ಎರಿಂಗ್ಟನ್ ಅವರ ತಂಡ 2009ರಲ್ಲಿ ತೋರಿಸಿತು. ಗಾತ್ರ ಹೆಚ್ಚುವುದಕ್ಕಿಂತ ವೇಗವಾಗಿ ಪೊರೆ ಉತ್ಪತ್ತಿಯಾದರೆ ಸಾಕು ಎಂಬುದು ಅದೇ ತಂಡದ 2013ರ ಸಂಶೋಧನೆಯಿಂದ ಗೊತ್ತಾಯಿತು. ಒಂದೇ ಗಾತ್ರವನ್ನು ಸುತ್ತಲು ಗೋಳಕ್ಕೆ ಅತಿ ಕಡಿಮೆ ಮೇಲ್ಮೈ ಬೇಕು. ಮೇಲ್ಮೈ ಅದಕ್ಕಿಂತ ಹೆಚ್ಚಾದಾಗ ಗೋಳ ಗೋಳವಾಗಿ ಉಳಿಯಲಾರದೆ ಕೊಳವೆಯಾಗಿ ಚಾಚಿ, ಕಿರಿದಾಗಿ, ಹನಿಹನಿಯಾಗಿ ಬೇರ್ಪಡುತ್ತದೆ. ಹೀಗೆ ಹುಟ್ಟುವ ಮರಿಕೋಶಗಳ ಗಾತ್ರ ಒಂದೊಂದಕ್ಕೆ ಒಂದೊಂದು ಥರ, ಡಿಎನ್ಎ ಹಂಚಿಕೆಯೂ ಅಸ್ತವ್ಯಸ್ತ. ಭೂಮಿಯ ಮೊದಲ ಜೀವಕೋಶಗಳು ಹೀಗೆಯೇ ವೃದ್ಧಿಯಾಗಿರಬಹುದೆಂದು ಊಹಿಸುವವರಿದ್ದಾರೆ.

ಕೊನೆಯ ಹಂತ ಅಡ್ಡಗೋಡೆ ಮುಗಿದ ಮೇಲಿನದು. ಗೋಡೆ ಪೂರ್ಣವಾದರೂ ಎರಡು ಮರಿಕೋಶಗಳು ಬೇರೆಯಾಗಬೇಕಾದರೆ ಆ ಗೋಡೆಯನ್ನು ಅದರ ನಡುವಿನಲ್ಲಿ ಬಿಡಿಸಬೇಕು; ಅದಕ್ಕೆ ಭಿತ್ತಿಯ ಕೊಂಡಿಗಳನ್ನು ಕತ್ತರಿಸುವ ಕಿಣ್ವಗಳಿವೆ. ಗಾಯಗಳಲ್ಲಿ ಕೀವು ಉಂಟುಮಾಡುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಎರಡು ಅರ್ಧಗೋಳಗಳು ಹೊರಅಂಚಿನ ಒಂದು ಕಿರಿದಾದ ಪಟ್ಟಿಯಿಂದ ಮಾತ್ರ ಅಂಟಿಕೊಂಡಿರುತ್ತವೆ. ಕಿಣ್ವಗಳು ಆ ಪಟ್ಟಿಯನ್ನು ದುರ್ಬಲಗೊಳಿಸುತ್ತ ಬಂದಾಗ, ಅಲ್ಲಿ ಬಿರುಕೊಂದು ಹುಟ್ಟಿ ಸುತ್ತಲೂ ಓಡಿ ಕೋಶಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಸಿಡಿದು ಬೇರ್ಪಡುತ್ತವೆ ಎಂಬುದನ್ನು 2015ರಲ್ಲಿ ವೇಗದ ಕ್ಯಾಮೆರಾದಿಂದ ಸೆರೆಹಿಡಿಯಲಾಯಿತು. ಈ ಸಿಡಿತಕ್ಕೆ ಬೇಕಾದ ಎಳೆತವನ್ನು ಕೊಡುವುದು, ಅಷ್ಟು ಹೊತ್ತು ವಿಭಜನೆಗೆ ಎದುರಾಗಿದ್ದ ಟರ್ಗರ್ ಒತ್ತಡವೇ. ಎಲ್ಲ ಪ್ರಭೇದಗಳೂ ಹೀಗೆ ಸಿಡಿಯುವುದಿಲ್ಲ. ಮೊಸರಿನಲ್ಲಿರುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಒಂದೇ ದಿಕ್ಕಿನಲ್ಲಿ ಮತ್ತೆ ಮತ್ತೆ ವಿಭಜನೆಗೊಂಡು, ಪೂರ್ತಿ ಬಿಡಿಸಿಕೊಳ್ಳದೆ ಮಣಿಸರದಂತೆ ಉಳಿಯುತ್ತದೆ. ಇಲಕಲ್ಲಿನ ಮನೆಯೊಂದರ ಗಡಿಗೆಯಿಂದ ಒಂದು ಹನಿ ಮೊಸರನ್ನು ತೆಗೆದು, ನೀರಿನಲ್ಲಿ ತೆಳುವಾಗಿಸಿ, ಗಾಜಿನ ಪಟ್ಟಿಯ ಮೇಲೆ ಒಣಗಿಸಿ, ಮೆಥಿಲೀನ್ ಬ್ಲೂ ಬಣ್ಣ ಹಾಕಿ ಕಾಲೇಜಿನ ಸೂಕ್ಷ್ಮದರ್ಶಕದ ಎಣ್ಣೆ ಮಸೂರದಡಿ ಇಟ್ಟರೆ, ಇಂತಹ ಸರಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಅಂತಹ ಸರದ ಕೋಶಗಳ ನಡುವಿನ ಭಿತ್ತಿಯನ್ನು ಬಿಡಿಸಬೇಕಾದ ಕಿಣ್ವ ಕಡಿಮೆಯಾದಷ್ಟೂ ಸರ ಉದ್ದವಾಗುತ್ತದೆ.